ಆರನೆಯ ಅಂತಸ್ತಿನ ಬೆಂಕಿ, ಸಿಪಾಯಿಯ ಒಂದು ಹಾಳೆ

1973ರ ಜುಲೈ 12. ನಡುರಾತ್ರಿ ಕಳೆದು ಕಾಲು ಗಂಟೆಯಾಗಿತ್ತು. ಅಮೆರಿಕದ ಮಿಸೌರಿ ರಾಜ್ಯದಲ್ಲಿ, ಸೇಂಟ್ ಲೂಯಿ ನಗರದ ಹೊರವಲಯದ ಓವರ್‌ಲ್ಯಾಂಡ್ ಎಂಬಲ್ಲಿ, ಆರು ಅಂತಸ್ತಿನ ಸರ್ಕಾರಿ ಕಟ್ಟಡವೊಂದರ ಮೇಲಿನ ಮಹಡಿಯಿಂದ ಹೊಗೆ ಏಳುತ್ತಿರುವ ಸುದ್ದಿ ಅಗ್ನಿಶಾಮಕ ಠಾಣೆಗೆ ಮುಟ್ಟಿತು. ಐದು ನಿಮಿಷದೊಳಗೆ ವಾಹನ ಬಂದು ನಿಂತಿತು. ಆದರೆ ಮೇಲೆ ಹತ್ತಿದ ಸಿಬ್ಬಂದಿ ಶಾಖವನ್ನೂ ಹೊಗೆಯನ್ನೂ ತಾಳಲಾರದೆ ಮೂರು ಗಂಟೆಯ ಸುಮಾರಿಗೆ ಕೆಳಗಿಳಿಯಬೇಕಾಯಿತು. ಅಲ್ಲಿಂದ ಮುಂದೆ ಹೊರಗೆ ನಿಂತು ಒಡೆದ ಕಿಟಕಿಗಳ ಮೂಲಕ ನೀರು ಹಾಯಿಸುವುದೊಂದೇ ಉಳಿದ ದಾರಿ. ಸುತ್ತಲಿನ 42 ಅಗ್ನಿಶಾಮಕ ವಲಯಗಳಿಂದ ಜನ ಬಂದರು. ಬೆಂಕಿ 22 ಗಂಟೆಗಳ ಕಾಲ ಹತೋಟಿಗೆ ಸಿಗದೆ ಉರಿಯಿತು. ಅದು ಪೂರ್ತಿ ಆರಿತೆಂದು ಘೋಷಿಸುವಾಗ ಜುಲೈ 16 ಆಗಿತ್ತು.

ಸುಟ್ಟದ್ದು ಬರೀ ಕಾಗದ. ಆದರೆ ಆ ಕಾಗದಗಳಲ್ಲಿ ಅಮೆರಿಕದ ಎರಡು ತಲೆಮಾರಿನ ಸಿಪಾಯಿಗಳ ಜೀವನವಿತ್ತು. ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರ ಎಂಬ ಹೆಸರಿನ ಆ ಕಚೇರಿಯಲ್ಲಿ ಸೇನೆಯಿಂದ ಬಿಡುಗಡೆಯಾದ ಪ್ರತಿಯೊಬ್ಬನ ಕಡತವನ್ನು ಇಟ್ಟುಕೊಂಡಿದ್ದರು. 1912ರ ನವೆಂಬರ್ 1ರಿಂದ 1960ರ ಜನವರಿ 1ರವರೆಗೆ ಭೂಸೇನೆ ಬಿಟ್ಟವರ ಕಡತಗಳಲ್ಲಿ ಶೇ 80ರಷ್ಟು ಹೋದವು. ಮೊದಲ ಮಹಾಯುದ್ಧ, ಎರಡನೆಯ ಮಹಾಯುದ್ಧ, ಕೊರಿಯಾ ಯುದ್ಧ ಮೂರೂ ಈ ಅವಧಿಯೊಳಗೇ ಬರುತ್ತವೆ. 1947ರಿಂದ 1964ರ ಆರಂಭದವರೆಗಿನ ವಾಯುಸೇನೆಯ ಕಡತಗಳಲ್ಲಿ ಶೇ 75ರಷ್ಟು ಹೋದವು. ಅದರಲ್ಲಿಯೂ ಒಂದು ವಿಚಿತ್ರವಿದೆ. ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಹಬ್ಬರ್ಡ್ ಎಂಬ ಹೆಸರಿನವರೆಗೆ ಜೋಡಿಸಿಟ್ಟಿದ್ದ ಕಡತಗಳು ಉಳಿದವು, ಅದರ ಮುಂದಿನವು ನಾಶವಾದವು. ಮನೆತನದ ಹೆಸರಿನ ಮೊದಲ ಅಕ್ಷರ ಯಾವುದು ಎನ್ನುವುದರ ಮೇಲೆ ವೈಮಾನಿಕನೊಬ್ಬನ ದಾಖಲೆಯ ಅಳಿವು ಉಳಿವು ನಿಂತಿತು. ನೌಕಾಪಡೆಯವರ ಕಡತ ಆ ಮಹಡಿಯಲ್ಲಿರಲಿಲ್ಲ, ಅವರು ಪಾರಾದರು. ಒಟ್ಟು ನಷ್ಟ 1.6 ಕೋಟಿಯಿಂದ 1.8 ಕೋಟಿ ಕಡತಗಳೆಂದು ಅಂದಾಜು.

ಇಷ್ಟೊಂದು ಕಡತಗಳಿಗೆ ಎರಡನೆಯ ಪ್ರತಿ ಇರಲಿಲ್ಲ. ಮೈಕ್ರೋಫಿಲ್ಮ್ ಮಾಡಿರಲಿಲ್ಲ. ಯಾವ ಕಡತಗಳು ಅಲ್ಲಿದ್ದವು ಎಂದು ಹೇಳುವ ಸೂಚಿಯೂ ಇರಲಿಲ್ಲ. ಕಟ್ಟಡದ ವಿನ್ಯಾಸಕಾರ ಮಿನೋರು ಯಾಮಸಾಕಿ ಸಾಮಾನ್ಯನಲ್ಲ, ಮುಂದೆ ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಜೋಡಿ ಗೋಪುರಗಳನ್ನು ರೂಪಿಸಿದವನೇ ಆತ. ಆದರೆ ಕಡತಗಳ ಭಾಗದಲ್ಲಿ ಬೆಂಕಿ ಹರಡದಂತೆ ತಡೆಯುವ ಅಡ್ಡಗೋಡೆಗಳಿರಲಿಲ್ಲ, ತಾನಾಗಿಯೇ ನೀರು ಚಿಮ್ಮುವ ವ್ಯವಸ್ಥೆಯೂ ಇರಲಿಲ್ಲ. ಎಲ್ಲಿಯಾದರೂ ಕೊಳವೆ ಸೋರಿ ಕಾಗದ ನೆನೆದೀತೆಂಬ ಭಯದಿಂದ ಅದನ್ನು ಹಾಕಿಸದಿರುವುದೇ ಕ್ಷೇಮವೆಂಬ ವಾದ ಆ ಕಾಲದ ದಾಖಲೆ ಪಾಲಕರಲ್ಲಿ ಬಲವಾಗಿತ್ತು. ಕೊನೆಗೆ ಬೆಂಕಿಯೂ ಬಿದ್ದಿತು, ಲಕ್ಷಾಂತರ ಗ್ಯಾಲನ್ ನೀರೂ ಬಿದ್ದಿತು. ಬೆಂಕಿಗೆ ಕಾರಣವೇನೆಂದು ಇಂದಿಗೂ ನಿರ್ಣಯವಾಗಿಲ್ಲ. ಆ ಮಹಡಿಯಲ್ಲಿ ಸಿಗರೇಟು ಸೇದಿದ್ದಾಗಿ ಕೆಲಸಗಾರನೊಬ್ಬ ಹೇಳಿದನಾದರೂ ಅದೇ ಕಾರಣವೆಂದು ಸಾಬೀತಾಗಲಿಲ್ಲ.

ಅಮೆರಿಕದಲ್ಲಿ ಸೇನೆ ಬಿಡುವ ಪ್ರತಿಯೊಬ್ಬನ ಕೈಗೂ ಒಂದು ನಮೂನೆ ಕೊಡುತ್ತಾರೆ. ಅದರ ಹೆಸರು ಡಿಡಿ 214. ಎರಡನೆಯ ಮಹಾಯುದ್ಧ ಮುಗಿಯುವವರೆಗೆ ಭೂಸೇನೆ, ನೌಕಾಪಡೆಗಳು ಬೇರೆ ಬೇರೆ ನಮೂನೆಗಳನ್ನು ಬಳಸುತ್ತಿದ್ದವು. 1950ರಲ್ಲಿ ಎಲ್ಲಕ್ಕೂ ಇದೊಂದೇ ಎಂದಾಯಿತು. ಸೇರಿದ ದಿನ, ಬಿಟ್ಟ ದಿನ, ದರ್ಜೆ, ಕಲಿತ ಕಸುಬು, ಪಡೆದ ಪದಕ, ವಿದೇಶದಲ್ಲಿ ಕಳೆದ ಕಾಲ, ಬಿಡುಗಡೆಯ ಕಾರಣ, ಬಿಡುಗಡೆಯ ಗುಣ. ಇಷ್ಟೆಲ್ಲ ಹಿಡಿಯುವುದು ಹೆಚ್ಚು ಕಡಿಮೆ ಒಂದೇ ಹಾಳೆಯಲ್ಲಿ. ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಚಿಕಿತ್ಸೆ ಬೇಕೆಂದರೆ, ಮನೆ ಕಟ್ಟಲು ಸರ್ಕಾರದ ಖಾತರಿಯ ಸಾಲ ಬೇಕೆಂದರೆ, ಕಾಲೇಜು ಶುಲ್ಕದ ನೆರವು ಬೇಕೆಂದರೆ, ಸರ್ಕಾರಿ ನೌಕರಿಯಲ್ಲಿ ಆದ್ಯತೆ ಬೇಕೆಂದರೆ ಮೊದಲು ಕೇಳುವುದು ಇದನ್ನು. ಸತ್ತಾಗಲೂ ಇದು ಬೇಕು. ರಾಷ್ಟ್ರೀಯ ಸ್ಮಶಾನದಲ್ಲಿ ಜಾಗ, ಶವಪೆಟ್ಟಿಗೆಯ ಮೇಲೆ ಹೊದಿಸುವ ಧ್ವಜ, ಕಹಳೆಯ ಗೌರವ ಇವಕ್ಕೆಲ್ಲ ಮನೆಯವರು ತೋರಿಸಬೇಕಾದದ್ದು ಇದೇ ಹಾಳೆ. ಸಾವಿನ ಮನೆಯಲ್ಲಿ, ಸಂಸ್ಕಾರಕ್ಕೆ ಎರಡು ದಿನವಿರುವಾಗ, ಐವತ್ತು ವರ್ಷ ಹಿಂದಿನ ಕಾಗದಕ್ಕಾಗಿ ಕಪಾಟು ತಡಕುವ ಮಕ್ಕಳ ಪಾಡು ಅಲ್ಲಿನ ಶವಸಂಸ್ಕಾರ ನಡೆಸುವವರಿಗೆಲ್ಲ ಚಿರಪರಿಚಿತ.

ಯುದ್ಧ ಮಾಡಿದವನು ತಾನು ಯುದ್ಧ ಮಾಡಿದೆನೆಂದು ಸಾಬೀತು ಮಾಡಬೇಕಾದ ಈ ಅವಸ್ಥೆ ಹೊಸದೇನಲ್ಲ. ಬಹುಶಃ ರಾಜ್ಯಗಳಷ್ಟೇ ಹಳೆಯದು. ಕ್ರಿಸ್ತಶಕದ ಮೊದಲ ಶತಮಾನದಲ್ಲಿ ರೋಮನ್ ಸಾಮ್ರಾಜ್ಯದ ಸಹಾಯಕ ಪಡೆಗಳಲ್ಲಿ 25 ವರ್ಷ ದುಡಿದು ಗೌರವದಿಂದ ನಿವೃತ್ತನಾದ ಪರನಾಡಿನ ಸಿಪಾಯಿಗೆ ರೋಮಿನ ಪೌರತ್ವ ಸಿಗುತ್ತಿತ್ತು. ಚಕ್ರವರ್ತಿಯ ಆಜ್ಞೆಯನ್ನು ಕಂಚಿನ ಫಲಕದಲ್ಲಿ ಕೊರೆದು ರೋಮಿನಲ್ಲಿ ತೂಗುಹಾಕುತ್ತಿದ್ದರು. ಬೇಕೆಂದವನು ಅದರ ಪ್ರತಿಯನ್ನು ಅಂಗೈಯಗಲದ ಎರಡು ಕಂಚಿನ ತಗಡುಗಳಲ್ಲಿ ಮಾಡಿಸಿಕೊಳ್ಳಬಹುದಿತ್ತು. ಎರಡು ತಗಡುಗಳ ಒಳಮೈಯಲ್ಲಿ ಒಮ್ಮೆ, ಹೊರಮೈಯಲ್ಲಿ ಇನ್ನೊಮ್ಮೆ ಅದೇ ಪಾಠ. ತಂತಿಯಿಂದ ಬಿಗಿದು ಏಳು ಸಾಕ್ಷಿಗಳ ಮುದ್ರೆ. ಯಾರಾದರೂ ಹೊರಗಿನ ಬರಹ ತಿದ್ದಿದ್ದಾರೆಂದು ಸಂಶಯ ಬಂದರೆ ಮುದ್ರೆ ಒಡೆದು ಒಳಗಿನದನ್ನು ಓದಿ ನೋಡಬಹುದು. ಉಂಗುರ ತೊಡಿಸಿ ರಾಜಮುದ್ರೆ ಒತ್ತಿದ ತಾಮ್ರಶಾಸನಗಳನ್ನು ಕಂಡ ಕನ್ನಡಿಗರಿಗೆ ಈ ಜಾಣತನ ಅಪರಿಚಿತವೆನಿಸದು. ಇಂಥ ಸಾವಿರಕ್ಕೂ ಹೆಚ್ಚು ಕಂಚಿನ ಪತ್ರಗಳೂ ಅವುಗಳ ಚೂರುಗಳೂ ಯೂರೋಪಿನ ಮಣ್ಣಿನಲ್ಲಿ ಸಿಕ್ಕಿವೆ.

ರೋಮಿನಲ್ಲಿಯೂ ಬೆಂಕಿ ಬಿದ್ದಿತ್ತು ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಕ್ರಿಸ್ತಶಕ 69ರ ಅಂತರ್ಯುದ್ಧದಲ್ಲಿ ಕ್ಯಾಪಿಟೋಲಿನ್ ಗುಡ್ಡ ಹೊತ್ತಿ ಉರಿದಾಗ ಅಲ್ಲಿದ್ದ ಮೂರು ಸಾವಿರ ಕಂಚಿನ ಫಲಕಗಳು ನಾಶವಾದವು. ಒಪ್ಪಂದಗಳು, ಸಭೆಯ ನಿರ್ಣಯಗಳು, ವ್ಯಕ್ತಿಗಳಿಗೆ ಕೊಟ್ಟ ವಿಶೇಷ ಹಕ್ಕುಗಳು ಅವುಗಳಲ್ಲಿದ್ದವು. ಹೊಸ ಚಕ್ರವರ್ತಿ ವೆಸ್ಪೇಷಿಯನ್ ಎಲ್ಲೆಲ್ಲಿ ಪ್ರತಿಗಳಿವೆಯೋ ಹುಡುಕಿಸಿ ಅವುಗಳನ್ನು ಮತ್ತೆ ಕೊರೆಸಲು ಮುಂದಾದನೆಂದು ಚರಿತ್ರಕಾರ ಸ್ಯೂಟೋನಿಯಸ್ ಬರೆದಿದ್ದಾನೆ. ರಾಜಧಾನಿಯ ಮೂಲ ಸುಟ್ಟಾಗ ಎಲ್ಲೋ ಯಾರದೋ ಬಳಿಯಿದ್ದ ಪ್ರತಿಯೇ ಮೂಲವಾಯಿತು.

ಅಮೆರಿಕಕ್ಕೂ 1973ರದು ಮೊದಲ ಪಾಠವೇನಾಗಿರಲಿಲ್ಲ. ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧ ಮುಗಿದ 1783ರಲ್ಲಿ ಎಷ್ಟೋ ಸಿಪಾಯಿಗಳ ಬಿಡುಗಡೆ ಪತ್ರಕ್ಕೆ ಜಾರ್ಜ್ ವಾಷಿಂಗ್ಟನ್ ತನ್ನ ಕೈಯಾರೆ ಸಹಿ ಹಾಕಿದ್ದ. 1800ರ ನವೆಂಬರಿನಲ್ಲಿ ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿದ್ದು ಸೇನೆಯ ದಾಖಲೆಗಳು ಬೂದಿಯಾದವು. ಮುಂದೆ 1818ರಲ್ಲಿ, ಆಮೇಲೆ 1832ರಲ್ಲಿ ಉಳಿದಿದ್ದ ಸಿಪಾಯಿಗಳಿಗೆ ಪಿಂಚಣಿ ಕೊಡಲು ಕಾಯಿದೆಗಳಾದಾಗ ಸರ್ಕಾರದ ಬಳಿ ಒರೆಹಚ್ಚಿ ನೋಡಲು ಹೆಚ್ಚೇನೂ ಇರಲಿಲ್ಲ. ಎಪ್ಪತ್ತು ಎಂಬತ್ತು ದಾಟಿದ ಮುದುಕರು ಊರಿನ ನ್ಯಾಯಾಲಯಕ್ಕೆ ನಡೆದು ಬಂದು ಪ್ರಮಾಣ ಮಾಡಿ ಹೇಳಬೇಕಾಯಿತು. ಯಾವ ದಳ, ಯಾರು ಕ್ಯಾಪ್ಟನ್, ಯಾವ ಹೊಳೆ ದಾಟಿದೆವು, ಎಲ್ಲಿ ಗುಂಡು ತಗುಲಿತು, ಬಿಡುಗಡೆಯ ಚೀಟಿ ಏನಾಯಿತು. ಚೀಟಿ ಕಳೆದುಹೋಯಿತು ಎಂಬ ಮಾತು ಆ ಹೇಳಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇವನು ಸುಳ್ಳು ಹೇಳುವವನಲ್ಲ ಎಂದು ಪಾದ್ರಿಯೋ ನೆರೆಯವನೋ ಸಾಕ್ಷಿ ನುಡಿಯಬೇಕು. ಕಾಗದವಿದ್ದವರು ಅದನ್ನೇ ಅರ್ಜಿಗೆ ಲಗತ್ತಿಸಿದರು. ವಾಷಿಂಗ್ಟನ್ನನ ಸಹಿಯ ಪತ್ರಗಳು ಹಾಗೆ ಮನೆ ಬಿಟ್ಟು ಸರ್ಕಾರಿ ಕಡತ ಸೇರಿದವು. ಇಂದು ಆ ಯುದ್ಧದ ಬಗ್ಗೆ ಸಾಮಾನ್ಯ ಸಿಪಾಯಿಯ ಬಾಯಿಂದ ಬಂದ ಅತ್ಯುತ್ತಮ ಮಾಹಿತಿ ಈ ಪಿಂಚಣಿ ಹೇಳಿಕೆಗಳೇ. ದಾಖಲೆ ಸುಡದಿದ್ದರೆ ಅವರನ್ನು ಇಷ್ಟು ವಿವರವಾಗಿ ಯಾರೂ ಕೇಳುತ್ತಿರಲಿಲ್ಲ ಎನ್ನುವುದು ಇತಿಹಾಸಕಾರರ ಅದೃಷ್ಟ. ಆ ಮುದುಕರ ಅದೃಷ್ಟವಂತೂ ಅಲ್ಲ.

ಮತ್ತೆ ಸೇಂಟ್ ಲೂಯಿಗೆ. ಬೆಂಕಿ ಆರಿದ ಮೇಲೆ ಎದುರಾದ ಶತ್ರು ಬೂಷ್ಟು. ಜುಲೈ ತಿಂಗಳ ಸೆಖೆ, ನೆನೆದು ತೊಪ್ಪೆಯಾದ ಕಾಗದ, ಕೆಳಗಿನ ಮಹಡಿಗಳಿಗೂ ಇಳಿದ ನೀರು. ಶಿಲೀಂಧ್ರ ತಡೆಯಲು ಥೈಮಾಲ್ ಸಿಂಪಡಿಸಿದರು. ಒದ್ದೆ ಕಡತಗಳನ್ನು ಹಾಲಿನ ಬಾಟಲಿ ಸಾಗಿಸುವ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ತುಂಬಿ ಅದೇ ಊರಿನ ಮ್ಯಾಕ್‌ಡೊನೆಲ್ ಡಗ್ಲಸ್ ವಿಮಾನ ಕಾರ್ಖಾನೆಗೆ ಸಾಗಿಸಿದರು. ಬಾಹ್ಯಾಕಾಶದ ಸ್ಥಿತಿಯನ್ನು ಭೂಮಿಯ ಮೇಲೆ ನಿರ್ಮಿಸಿ ನೋಡಲೆಂದು ಕಟ್ಟಿದ್ದ ದೊಡ್ಡ ನಿರ್ವಾತ ಕೋಣೆಯೊಂದು ಅಲ್ಲಿತ್ತು. ಒಳಗಿನ ಗಾಳಿ ಹೀರಿದಾಗ ಕಾಗದದ ನೀರು ಮಂಜುಗಟ್ಟಿ, ಬಿಸಿ ಗಾಳಿ ಬಿಟ್ಟಾಗ ಆವಿಯಾಗಿ ಹೊರಬರುತ್ತಿತ್ತು. ಒಂದು ಸಲಕ್ಕೆ ಸುಮಾರು ಎರಡು ಸಾವಿರ ಕ್ರೇಟು, ತೆಗೆದ ನೀರು ಟನ್ನುಗಟ್ಟಲೆ. ಚಂದ್ರಯಾನದ ಕಾಲದ ಯಂತ್ರ ಹೀಗೆ ಸಿಪಾಯಿಗಳ ಹಳೆಯ ಕಾಗದ ಒಣಗಿಸಿತು. ಅಂಚು ಕರಕಲಾದ, ನೆನೆದು ಒಣಗಿದ ಸುಮಾರು 65 ಲಕ್ಷ ಕಡತಗಳನ್ನು ಹೀಗೆ ಉಳಿಸಿಕೊಂಡರು. ಸುಟ್ಟು ಹಾಳಾದ ಆರನೆಯ ಅಂತಸ್ತನ್ನೇ ಕಟ್ಟಡದಿಂದ ತೆಗೆದುಹಾಕಿದರು.

ಬೂದಿಯಾದವುಗಳ ಕಥೆ ಬೇರೆ. ಅವುಗಳನ್ನು ಮತ್ತೆ ಕಟ್ಟಬೇಕು. ಇದು ಪತ್ತೇದಾರಿ ಕೆಲಸ. ಸಿಪಾಯಿಯೊಬ್ಬ ಸೇನೆಯಲ್ಲಿದ್ದಷ್ಟು ಕಾಲ ತನ್ನ ಕಡತದ ಹೊರಗೂ ಎಲ್ಲೆಲ್ಲೋ ಹೆಜ್ಜೆಗುರುತು ಬಿಟ್ಟಿರುತ್ತಾನೆ. ಸಂಬಳದ ವೋಚರು ಲೆಕ್ಕ ತಪಾಸಣೆ ಕಚೇರಿಯಲ್ಲಿ, ದಳದ ದೈನಂದಿನ ಹಾಜರಿ ವರದಿ ಇನ್ನೊಂದು ಕಪಾಟಿನಲ್ಲಿ, ಕಡ್ಡಾಯ ಸೇನಾ ನೋಂದಣಿ ಮತ್ತೊಂದು ಇಲಾಖೆಯಲ್ಲಿ. ಬಿಡುಗಡೆಯ ಹೊತ್ತಿಗೆ ಎದೆಯ ಎಕ್ಸ್‌ರೇ ತೆಗೆದಿದ್ದರೆ ಅದೂ ಒಂದು ಸಾಕ್ಷಿ. ಇವನ್ನೆಲ್ಲ ಪೋಣಿಸಿ ಇಂಥವನು ಇಂಥ ದಿನದಿಂದ ಇಂಥ ದಿನದವರೆಗೆ ಸೇನೆಯಲ್ಲಿದ್ದ, ಗೌರವದಿಂದ ಬಿಡುಗಡೆಯಾದ ಎಂದು ಒಂದು ಪ್ರಮಾಣಪತ್ರ ಕೊಡುತ್ತಾರೆ. ಡಿಡಿ 214ರ ಬದಲಿಗೆ ಅದೇ ನಡೆಯುತ್ತದೆ. ಆದರೆ ಸೇವೆಯಲ್ಲಿದ್ದನೆಂದು ತೋರಿಸುವುದು ಸುಲಭ, ಸೇವೆಯಲ್ಲಿದ್ದಾಗಲೇ ಕಿವಿ ಮಂದವಾಯಿತೆಂದೋ ಶೀತಕ್ಕೆ ಕಾಲು ಮರಗಟ್ಟಿತೆಂದೋ ತೋರಿಸುವುದು ಕಷ್ಟ. ಅದಕ್ಕೆ ಬೇಕಾದ ಆಸ್ಪತ್ರೆಯ ಟಿಪ್ಪಣಿ ಸುಟ್ಟ ಕಡತದಲ್ಲಿಯೇ ಇತ್ತು. ಹೀಗೆ ಅಂಗವೈಕಲ್ಯ ಪರಿಹಾರಕ್ಕಾಗಿ ದಶಕಗಳ ಕಾಲ ಅಲೆದವರುಂಟು. ಸರ್ಕಾರದ ವಶದಲ್ಲಿದ್ದಾಗ ದಾಖಲೆ ನಾಶವಾಗಿದ್ದರೆ ಸಂಶಯದ ಲಾಭವನ್ನು ಅರ್ಜಿದಾರನಿಗೆ ಕೊಡುವ ವಿಷಯವನ್ನು ಇನ್ನಷ್ಟು ಎಚ್ಚರದಿಂದ ಪರಿಶೀಲಿಸುವುದು ಇಲಾಖೆಯ ಹೊಣೆ ಎಂದು ಅಲ್ಲಿನ ಮಾಜಿ ಸೈನಿಕರ ನ್ಯಾಯಾಲಯ 1991ರಲ್ಲಿ ಹೇಳಿತು. ಬೆಂಕಿ ಬಿದ್ದು ಆಗಲೇ 18 ವರ್ಷ. ಆಗಲೂ ಸಾಬೀತು ಮಾಡುವ ಭಾರ ಸಿಪಾಯಿಯ ಹೆಗಲಿನಿಂದ ಪೂರ್ತಿಯಾಗಿ ಇಳಿಯಲಿಲ್ಲ.

ಹಾಗಾದರೆ ಕೈಯಲ್ಲಿರುವ ಪ್ರತಿಯನ್ನು ಜೋಪಾನ ಮಾಡುವುದು ಹೇಗೆ? ಯುದ್ಧದಿಂದ ಮರಳಿದವರಿಗೆ ಅಮೆರಿಕದಲ್ಲಿ ಹಿಂದಿನಿಂದಲೂ ಕೊಡುತ್ತಿದ್ದ ಬುದ್ಧಿಮಾತು, ಜಿಲ್ಲೆಯ ನೋಂದಣಿ ಕಚೇರಿಗೆ ಹೋಗಿ ಬಿಡುಗಡೆ ಪತ್ರವನ್ನು ದಾಖಲು ಮಾಡಿಸು ಎಂದು. ಜಮೀನಿನ ಕ್ರಯಪತ್ರ ನೋಂದಾಯಿಸಿದಂತೆ ಇದನ್ನೂ ಅಲ್ಲಿನ ದೊಡ್ಡ ಪುಸ್ತಕದಲ್ಲಿ ನಕಲು ಮಾಡಿಕೊಳ್ಳುತ್ತಿದ್ದರು. 1973ರ ಬೆಂಕಿಯ ನಂತರ ಎಷ್ಟೋ ಜನರನ್ನು ಕಾಪಾಡಿದ್ದು ಈ ನೋಂದಣಿಯೇ. ಆದರೆ ಅದರೊಳಗೇ ಇನ್ನೊಂದು ಮುಳ್ಳು ಬೆಳೆಯುತ್ತಿತ್ತು. 1969ರಲ್ಲಿ ಭೂಸೇನೆ ಮತ್ತು ವಾಯುಸೇನೆಗಳು ಪ್ರತ್ಯೇಕ ಸೈನಿಕ ಸಂಖ್ಯೆಯನ್ನು ಕೈಬಿಟ್ಟು ಪ್ರತಿ ನಾಗರಿಕನ ಸಾಮಾಜಿಕ ಭದ್ರತಾ ಸಂಖ್ಯೆಯನ್ನೇ ಬಳಸಲು ತೊಡಗಿದವು. ಬ್ಯಾಂಕು, ತೆರಿಗೆ, ಸಾಲ ಎಲ್ಲಕ್ಕೂ ಅದೇ ಸಂಖ್ಯೆ. ನೋಂದಣಿ ಪುಸ್ತಕಗಳೋ ಯಾರು ಬೇಕಾದರೂ ತೆರೆದು ನೋಡಬಹುದಾದ ಸಾರ್ವಜನಿಕ ದಾಖಲೆಗಳು. ಹೆಸರು, ಹುಟ್ಟಿದ ದಿನ, ಸಂಖ್ಯೆ ಎಲ್ಲ ಒಂದೇ ಹಾಳೆಯಲ್ಲಿ ಸಿಕ್ಕರೆ ಕಳ್ಳನಿಗೆ ಇನ್ನೇನು ಬೇಕು? ಆ ಪುಸ್ತಕಗಳು ಕಂಪ್ಯೂಟರಿಗೆ ಏರತೊಡಗಿದ ಮೇಲೆ ಗಂಡಾಂತರ ಅರಿವಿಗೆ ಬಂದು, ಒಂದೊಂದೇ ರಾಜ್ಯ ಬಿಡುಗಡೆ ಪತ್ರಗಳನ್ನು ಸಾರ್ವಜನಿಕ ನೋಟದಿಂದ ಮರೆಮಾಡುವ ಕಾನೂನು ಮಾಡಿತು. ಬೆಂಕಿಯಿಂದ ಪಾರುಮಾಡಿದ ಪೆಟ್ಟಿಗೆಗೆ ಬೀಗವೇ ಇರಲಿಲ್ಲವೆಂದು ತಿಳಿದದ್ದು ಬಹಳ ತಡವಾಗಿ.

ಕಾಗದವನ್ನು ಕಳೆದುಕೊಳ್ಳುವುದಕ್ಕಿಂತ ಅದನ್ನು ತೋರಿಸುವುದೇ ಕಷ್ಟವಾದ ಜನರೂ ಇದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಭೂಸೇನೆ ನೀಲಿ ಬಣ್ಣದ ಕಾಗದದ ಮೇಲೆ ಒಂದು ಬಗೆಯ ಬಿಡುಗಡೆ ಕೊಡುತ್ತಿತ್ತು. ಗೌರವದ್ದೂ ಅಲ್ಲ, ಅಗೌರವದ್ದೂ ಅಲ್ಲ, ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ಸೈನಿಕ ನ್ಯಾಯಾಲಯದ ವಿಚಾರಣೆ ಬೇಕಿಲ್ಲ, ಅಧಿಕಾರಿಗಳು ಬೇಡವೆಂದರೆ ಸಾಕು. ಸಲಿಂಗಿಗಳೆಂದು ಗುರುತಿಸಿದವರಿಗೆ ಇದನ್ನು ಕೊಟ್ಟರು. ಕರಿಯ ಸಿಪಾಯಿಗಳಿಗಂತೂ ಧಾರಾಳವಾಗಿ ಕೊಟ್ಟರು. ಸೇನೆಯಲ್ಲಿ ಶೇ 6.5ರಷ್ಟಿದ್ದ ಕರಿಯರು ನೀಲಿ ಪತ್ರ ಪಡೆದವರಲ್ಲಿ ಶೇ 22ರಷ್ಟಿದ್ದರು. 1944ರ ಕಾಯಿದೆಯನ್ವಯ ಮರಳಿದ ಸಿಪಾಯಿಗಳಿಗೆಲ್ಲ ಕಾಲೇಜು, ಮನೆ, ನಿರುದ್ಯೋಗ ಭತ್ಯೆಯ ಬಾಗಿಲು ತೆರೆದಾಗ ನೀಲಿ ಪತ್ರದವರಿಗೆ ಅದು ಮುಚ್ಚಿಯೇ ಇತ್ತು. ಕರಿಯರ ಪತ್ರಿಕೆಗಳು ಇದರ ವಿರುದ್ಧ ಚಳವಳಿಯನ್ನೇ ಹೂಡಿದವು. 1947ರಲ್ಲಿ ನೀಲಿ ಪತ್ರ ನಿಂತಿತು. ಆಮೇಲಿನ ಡಿಡಿ 214ರಲ್ಲಿ ಬಣ್ಣವಿರಲಿಲ್ಲ, ಬದಲಿಗೆ ಬಿಡುಗಡೆಯ ಕಾರಣ ಸೂಚಿಸುವ ಸಂಕೇತ ಸಂಖ್ಯೆಯೊಂದು ಮೂಲೆಯಲ್ಲಿ ಕೂತಿತು. ಅದರ ಅರ್ಥವೇನೆಂದು ಸಿಪಾಯಿಗೆ ಗೊತ್ತಿರಲಿಲ್ಲ. ಕೆಲಸ ಕೊಡುವ ದೊಡ್ಡ ಕಂಪನಿಗಳ ಬಳಿ ಸಂಕೇತಗಳ ಪಟ್ಟಿ ಇತ್ತು. ತನಗೆ ಕೆಲಸ ಏಕೆ ಸಿಗುತ್ತಿಲ್ಲವೆಂದು ತಿಳಿಯದೆ ವಿಯೆಟ್ನಾಂನಿಂದ ಮರಳಿದ ಹುಡುಗ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. 1974ರಲ್ಲಿ ಸಿಪಾಯಿಯ ಕೈಗೆ ಕೊಡುವ ಪ್ರತಿಯಿಂದ ಈ ಸಂಕೇತವನ್ನು ತೆಗೆದರು. ಕಾರಣ, ಗುಣ ಎರಡನ್ನೂ ಬಿಟ್ಟ ಚಿಕ್ಕ ಪ್ರತಿ ಒಂದು, ಎಲ್ಲವೂ ಇರುವ ಪೂರ್ಣ ಪ್ರತಿ ಇನ್ನೊಂದು ಎಂದು ಈಗ ಎರಡು ಬಗೆ. ಸೌಲಭ್ಯ ಕೇಳಲು ಹೋದರೆ ಪೂರ್ಣ ಪ್ರತಿಯೇ ಬೇಕು. ತನ್ನ ಮೇಲಿನ ಷರಾ ಅನ್ಯಾಯದ್ದೆನಿಸಿದವನು 15 ವರ್ಷದೊಳಗೆ ಪುನರ್‌ಪರಿಶೀಲನಾ ಮಂಡಳಿಗೆ ಹೋಗಬಹುದು, ಆಮೇಲೆ ದಾಖಲೆ ತಿದ್ದುವ ಇನ್ನೊಂದು ಮಂಡಳಿಯಿದೆ.

ಕಾಗದ ಕಳೆದವನು ಅಥವಾ ಅವನ ವಾರಸುದಾರ ಸೇಂಟ್ ಲೂಯಿಗೆ ಬರೆದು ಪ್ರತಿ ಕೇಳಬಹುದು. ಅದಕ್ಕೆ ನಮೂನೆ 180 ಎಂಬ ಅರ್ಜಿಯಿದೆ, ಈಗ ಕಂಪ್ಯೂಟರಿನಲ್ಲೂ ಕಳಿಸಬಹುದು. ಸಿಪಾಯಿಗೆ, ಹತ್ತಿರದ ಬಂಧುಗಳಿಗೆ ಇದು ಉಚಿತ. ಉಚಿತವಾಗಿ ಸಿಗುವುದಕ್ಕೂ ಹಣ ಕೀಳುವ ದಲ್ಲಾಳಿಗಳು ಅಲ್ಲಿಯೂ ಇದ್ದಾರೆ. ಬಿಡುಗಡೆಯಾಗಿ 62 ವರ್ಷ ಕಳೆದ ಕಡತ ರಾಷ್ಟ್ರದ ಪತ್ರಾಗಾರಕ್ಕೆ ಸೇರಿ ಎಲ್ಲರಿಗೂ ತೆರೆದುಕೊಳ್ಳುತ್ತದೆ, ಆಗ ಮೊಮ್ಮಗನೂ ನಕಲಿನ ಹಣ ಕಟ್ಟಿ ಕೇಳಬಹುದು. ಬೆಂಕಿಯಿಲ್ಲದೆಯೂ ಬಾಗಿಲು ಮುಚ್ಚಬಹುದೆಂದು ತೋರಿಸಿದ್ದು ಕೋವಿಡ್. 2020ರ ಮಾರ್ಚಿನಲ್ಲಿ ಸಿಬ್ಬಂದಿ ಮನೆಗೆ ಹೋದರು. ಕಡತಗಳಲ್ಲಿ ಬಹುಪಾಲು ಇನ್ನೂ ಕಾಗದವೇ ಆದ್ದರಿಂದ ಮನೆಯಿಂದ ಕೆಲಸ ಸಾಗಲಿಲ್ಲ. ಬಾಕಿ ಅರ್ಜಿಗಳು ಆರು ಲಕ್ಷ ದಾಟಿದವು. ಆ ರಾಶಿ ಕರಗಿದ್ದು 2024ರ ಆರಂಭದ ಹೊತ್ತಿಗೆ.

ಬ್ರಿಟನ್ನಿನಲ್ಲಿಯೂ ಇದೇ ಬಗೆಯ ದುರಂತ ನಡೆದಿತ್ತು. 1940ರ ಸೆಪ್ಟೆಂಬರಿನ ಜರ್ಮನ್ ಬಾಂಬ್ ದಾಳಿಯಲ್ಲಿ ಲಂಡನ್ನಿನ ದಾಖಲೆ ಉಗ್ರಾಣ ಹೊತ್ತಿಕೊಂಡು ಮೊದಲ ಮಹಾಯುದ್ಧದ ಸಿಪಾಯಿಗಳ ಕಡತಗಳಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಹೋದವು. ಉಳಿದವನ್ನು ಸುಟ್ಟ ದಾಖಲೆಗಳು ಎಂದೇ ಕರೆಯುತ್ತಾರೆ.

ಭಾರತದ ಸೇನೆಯಲ್ಲಿ ಪದ್ಧತಿ ಬೇರೆ. ಇಲ್ಲಿ ಎಲ್ಲರ ಕಡತ ಒಂದೇ ಸೂರಿನಡಿ ಇಲ್ಲ. ಜವಾನರ, ಜೆಸಿಒಗಳ ದಾಖಲೆ ಅವರವರ ರೆಜಿಮೆಂಟು ಅಥವಾ ಕೋರ್‌ನ ರೆಕಾರ್ಡ್ಸ್ ಕಚೇರಿಯಲ್ಲಿರುತ್ತದೆ. ಮದ್ರಾಸ್ ಸ್ಯಾಪರ್ಸ್ ಎಂದೇ ಪ್ರಸಿದ್ಧವಾದ ಮದ್ರಾಸ್ ಎಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿ, ಮರಾಠಾ ಲಘು ಪದಾತಿ ದಳದ್ದು ಬೆಳಗಾವಿಯಲ್ಲಿ. ಒಂದು ಕಡೆ ಬೆಂಕಿ ಬಿದ್ದರೆ ಎಲ್ಲವೂ ಹೋಗುವ ಭಯವಿಲ್ಲ. ಆದರೆ ಅಜ್ಜ ಯಾವ ರೆಜಿಮೆಂಟಿನಲ್ಲಿದ್ದನೆಂದೇ ಮರೆತ ಮನೆಯವರಿಗೆ ಯಾವ ಬಾಗಿಲು ತಟ್ಟಬೇಕೆಂಬುದೇ ತಿಳಿಯದು. ನಿವೃತ್ತನಾಗಿ ಬರುವಾಗ ಜವಾನನ ಕೈಗೆ ಡಿಸ್ಚಾರ್ಜ್ ಬುಕ್ ಎಂಬ ಚಿಕ್ಕ ಪುಸ್ತಕ ಕೊಡುತ್ತಾರೆ. ಫೋಟೊ, ಸೈನಿಕ ಸಂಖ್ಯೆ, ಸೇವೆಯ ಅವಧಿ, ಪದಕ, ನಡತೆಯ ಷರಾ, ಹೆಂಡತಿ ಮಕ್ಕಳ ವಿವರ ಅದರಲ್ಲಿರುತ್ತವೆ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಗುರುತಿನ ಚೀಟಿ ಮಾಡಿಸಲು, ಮಾಜಿ ಸೈನಿಕರ ಮೀಸಲಾತಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕಲು, 2003ರಲ್ಲಿ ಆರಂಭವಾದ ಆರೋಗ್ಯ ಯೋಜನೆಗೆ ಸೇರಲು ಇದು ಬೇಕು. ಕಳೆದರೆ ಪೊಲೀಸ್ ಠಾಣೆಗೆ ದೂರು, ಅಫಿಡವಿಟ್ಟು, ಆಮೇಲೆ ಜಿಲ್ಲಾ ಕಚೇರಿಯ ಮೂಲಕ ರೆಕಾರ್ಡ್ಸ್‌ಗೆ ಅರ್ಜಿ.

ಕಷ್ಟವೆಲ್ಲ ಬರುವುದು ಹೆಸರಿನಲ್ಲಿ. ಮದುವೆಯಾದದ್ದು, ಮಗು ಹುಟ್ಟಿದ್ದು ಇವನ್ನು ಸೇನೆ ಎರಡನೆಯ ಭಾಗದ ಆದೇಶ ಎಂಬ ಪ್ರಕಟಣೆಯಲ್ಲಿ ದಾಖಲಿಸಿಕೊಳ್ಳುತ್ತದೆ. ರಜೆ ಮುಗಿಸಿ ಮರಳಿದ ಹುಡುಗ ಬಾಯಲ್ಲಿ ಹೇಳಿದ್ದನ್ನು ಕನ್ನಡ ಬಾರದ ಗುಮಾಸ್ತ ಇಂಗ್ಲಿಷಿನಲ್ಲಿ ಬರೆದುಕೊಂಡಿರುತ್ತಾನೆ. ಮನೆಯಲ್ಲಿ ಗೌರವ್ವ, ಸೇನೆಯಲ್ಲಿ ಗೌರಮ್ಮ, ಆಧಾರ್ ಚೀಟಿಯಲ್ಲಿ ಗೌರಿಬಾಯಿ ಆದವಳು ಮೂವರಲ್ಲ, ಒಬ್ಬಳೇ ಎಂದು ಗಂಡ ಸತ್ತ ಮೇಲೆ ಸಾಬೀತು ಮಾಡಬೇಕು. ಮನೆತನದ ಹೆಸರನ್ನು ಮುಂದೆ ಬರೆಯುವ ಕೊಡಗಿನ ಕುಟುಂಬಗಳಲ್ಲಿ ಯಾವುದು ಹೆಸರು, ಯಾವುದು ಮನೆ ಎಂಬ ಗೊಂದಲ ಬೇರೆ. ಸೈನಿಕ ಪಿಂಚಣಿಯ ವ್ಯವಹಾರ 2021ರಿಂದ ಸ್ಪರ್ಶ್ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಹೋಗತೊಡಗಿದ ಮೇಲೆ ಇಂಥ ವ್ಯತ್ಯಾಸಗಳು ಇನ್ನಷ್ಟು ಕಣ್ಣಿಗೆ ಬೀಳುತ್ತಿವೆ. ಒಂದು ಅಕ್ಷರದ ತಪ್ಪನ್ನು ಗುಮಾಸ್ತನಾದರೆ ನಕ್ಕು ಬಿಟ್ಟಾನು, ಯಂತ್ರ ಬಿಡುವುದಿಲ್ಲ.

ಇನ್ನೊಂದು ವಿಷಯ ಬಹಳ ಮನೆಗಳಿಗೆ ಗೊತ್ತಿಲ್ಲ. ಪಿಂಚಣಿಗೆ ಬೇಕಾದ 15 ವರ್ಷ ಪೂರೈಸದೆ ಸೇನೆ ಬಿಟ್ಟವರ ಸೇವಾ ಕಡತವನ್ನು 25 ವರ್ಷದ ನಂತರ ನಾಶಮಾಡಲು ಸೇನೆಯ ನಿಯಮದಲ್ಲಿಯೇ ಅವಕಾಶವಿದೆ. ಬೆಂಕಿ ಬೇಕಿಲ್ಲ, ಕಾಲವೇ ಸಾಕು. ಎರಡನೆಯ ಮಹಾಯುದ್ಧದ ಹೊತ್ತಿಗೆ ಭಾರತದ ಸೇನೆ 25 ಲಕ್ಷಕ್ಕೆ ಬೆಳೆದು, ಮುಗಿದ ಮೇಲೆ ಬಹುಪಾಲು ಜನರನ್ನು ಮನೆಗೆ ಕಳಿಸಲಾಯಿತು. ಅವರಲ್ಲಿ ಹೆಚ್ಚಿನವರಿಗೆ ಪಿಂಚಣಿಯಿಲ್ಲ. ಬರ್ಮಾದಲ್ಲಿ, ಇಟಲಿಯಲ್ಲಿ ಹೋರಾಡಿದವರಿಗೂ ಅವರ ವಿಧವೆಯರಿಗೂ ಎಷ್ಟೋ ವರ್ಷದ ನಂತರ ಹಲವು ರಾಜ್ಯಗಳು ಮಾಸಾಶನ ಕೊಡಲು ಮುಂದಾದಾಗ ಬಿಡುಗಡೆ ಪತ್ರವಿದ್ದವರ ಕೆಲಸ ಸಲೀಸಾಯಿತು. ಅಂಗವೈಕಲ್ಯ ಪಿಂಚಣಿ ಕೇಳಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದ ಮೊಕದ್ದಮೆಗಳಲ್ಲಿಯೂ, ಅವಧಿ ಮೀರಿದ್ದರಿಂದ ದಾಖಲೆ ನಾಶಮಾಡಲಾಗಿದೆ ಎಂಬ ಉತ್ತರ ಸರ್ಕಾರದ ಕಡೆಯಿಂದ ಪದೇ ಪದೇ ಬರುತ್ತದೆ. ಆಗ ಉಳಿಯುವುದು ಲಾಂಗ್ ರೋಲ್ ಎಂಬ ಉದ್ದನೆಯ ವಹಿ. ಅದರಲ್ಲಿ ಒಬ್ಬೊಬ್ಬನಿಗೆ ಒಂದೊಂದು ಸಾಲು.

ಹಿಂದೆ ಈ ನಾಡಿನಲ್ಲಿ ಹೋರಾಡಿ ಮಡಿದವನ ಮನೆಗೆ ನೆತ್ತರುಗೊಡಗೆ ಎಂದು ಭೂಮಿ ಬಿಟ್ಟುಕೊಟ್ಟು, ಆ ಮಾತನ್ನು ವೀರಗಲ್ಲಿನ ಮೇಲೆಯೇ ಕೆತ್ತಿಸುತ್ತಿದ್ದರು. ಕಲ್ಲು ಊರ ಮುಂದೆ ನಿಂತಿರುತ್ತಿತ್ತು, ಅದನ್ನು ಹೆಂಡತಿ ಪೆಟ್ಟಿಗೆಯಲ್ಲಿ ಜೋಪಾನ ಮಾಡಬೇಕಿರಲಿಲ್ಲ.

ಈಗ ಪೆಟ್ಟಿಗೆಯೇ ಗತಿ. ಡಿಸ್ಚಾರ್ಜ್ ಬುಕ್ಕಿನ ಪ್ರತಿ ಪುಟವನ್ನೂ ನಕಲು ಮಾಡಿ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ ಬೇರೆ ಕಡೆ ಒಂದು ಸೆಟ್ ಇಡುವುದು, ಗಂಡ ಬದುಕಿರುವಾಗಲೇ ಹೆಂಡತಿಯ ಹೆಸರು, ಹುಟ್ಟಿದ ದಿನ ಎಲ್ಲ ಕಡೆ ಒಂದೇ ಆಗಿದೆಯೇ ಎಂದು ನೋಡಿ ತಿದ್ದಿಸುವುದು, ಮೂಲವನ್ನು ಯಾರ ಕೈಗೂ ಬಿಟ್ಟುಕೊಡದಿರುವುದು ಇವು ಮಾಡಬೇಕಾದ ಕೆಲಸ. ಪ್ರೀತಿಯಿಂದ ಲ್ಯಾಮಿನೇಟ್ ಮಾಡಿಸುವುದು ಮಾತ್ರ ಮಾಡಬಾರದ ಕೆಲಸ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಹಳೆಯ ಕಾಗದದಿಂದ ಬಿಡಿಸಲು ಆಗುವುದಿಲ್ಲ, ಮೊಹರು ಅಸಲಿಯೇ ಎಂದು ಪರೀಕ್ಷಿಸಲೂ ಕಷ್ಟ. ಗೆದ್ದಲು ಹತ್ತದ ಕಡೆ, ಒಣಗಿದ ಲಕೋಟೆಯಲ್ಲಿ ಇಟ್ಟರೆ ಸಾಕು.

ಪುಸ್ತಕವೇ ಹೋಗಿದ್ದರೆ ರೆಕಾರ್ಡ್ಸ್ ಕಚೇರಿ ಮೊದಲು ಕೇಳುವುದು ಸೈನಿಕ ಸಂಖ್ಯೆ. ಅದು ಬಾಯಿಪಾಠ ಬರುವವನು ಸತ್ತಿರುತ್ತಾನೆ. ಆದರೆ ಸೇನೆಯಿಂದ ಬಂದ ಪ್ರತಿ ಮನೆಯ ಅಟ್ಟದ ಮೇಲೂ ಕಪ್ಪು ಬಣ್ಣದ ತಗಡಿನ ಟ್ರಂಕು ಒಂದಿರುತ್ತದೆ. ಈಗ ಅದರಲ್ಲಿ ಹಳೆಯ ಕಂಬಳಿಯೋ ಬಿತ್ತನೆ ಬೀಜವೋ ಇರಬಹುದು. ಅದರ ಮುಚ್ಚಳದ ಮೇಲೆ ಬಿಳಿಯ ಬಣ್ಣದಲ್ಲಿ, ರೈಲಿನಲ್ಲಿ ಕಳೆದುಹೋಗದಿರಲೆಂದು ಅವನೇ ಬರೆಸಿದ್ದು, ಹೆಸರು, ರೆಜಿಮೆಂಟು, ಸಂಖ್ಯೆ. ಧೂಳು ಒರೆಸಿ ನೋಡಿದರೆ ಇನ್ನೂ ಓದಬಹುದು. ಲಾಂಗ್ ರೋಲ್‌ನ ಆ ಸಾಲನ್ನು ಹುಡುಕಲು ಅಷ್ಟು ಸಾಕು.